ಕೀ ಕೊಟ್ಟರೆ ಓಡುವ ಕ್ಯಾಮೆರಾ

ಗೋಡೆ ಗಡಿಯಾರಕ್ಕೆ ಕೀ ಕೊಟ್ಟು ಬೆಳೆದವರು ನಾವು. ಸಿನಿಮಾ ತೆಗೆಯುವ ಕ್ಯಾಮೆರಾಕ್ಕೂ ಹಾಗೆಯೇ ಕೀ ಕೊಡುತ್ತಿದ್ದರು ಎಂದರೆ ನನ್ನ ಶಾಲೆಯ ಮಕ್ಕಳು ನಂಬುವುದಿಲ್ಲ. ಬ್ಯಾಟರಿಯಿಲ್ಲ, ಕರೆಂಟಿಲ್ಲ. ಸುತ್ತಿಟ್ಟ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಸೆಕೆಂಡಿಗೆ 16 ಚಿತ್ರ ಹಿಡಿಯುತ್ತಿತ್ತು.

ನಮ್ಮ ಜಿಲ್ಲೆಗೆ ಸಿನಿಮಾದ ಮರುಳು ಹಳೆಯದು. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಚಿತ್ರಗಳನ್ನು ತೆಗೆದಿದ್ದರು. ಅವು ಊರಿಗೆಲ್ಲ ತೋರಿಸುವ ಸಿನಿಮಾಗಳು. ಮನೆಯವರು ಮನೆಯವರಿಗಾಗಿ ತೆಗೆಯುವ ಸಿನಿಮಾದ ದಾರಿ ಬೇರೆ. ಹಳೆಯ ಫಿಲ್ಮು ಕಿಡಿ ತಾಗಿದರೆ ಭುಗ್ಗೆಂದು ಉರಿಯುವಂಥದ್ದು. ಹಾಗೆ ಉರಿಯದ 16 ಮಿಲಿಮೀಟರ್ ಫಿಲ್ಮನ್ನು ಕೊಡಾಕ್ ಕಂಪೆನಿ 1923ರಲ್ಲಿ ತಂದ ಮೇಲೆ ಕ್ಯಾಮೆರಾ ಮನೆಯೊಳಗೆ ಕಾಲಿಟ್ಟಿತು. ದುಡ್ಡಿನ ಮುಗ್ಗಟ್ಟಿನ 1932ರಲ್ಲಿ ಇನ್ನೂ ಅಗ್ಗದ 8 ಮಿಲಿಮೀಟರ್ ಬಂತು. 25 ಅಡಿಯ ಸುರುಳಿಯ ಒಂದು ಮಗ್ಗುಲಿಗೆ ಚಿತ್ರ ತೆಗೆದು, ನೆರಳಿನಲ್ಲಿ ಮಗುಚಿ, ಇನ್ನೊಂದು ಮಗ್ಗುಲಿಗೆ ತೆಗೆಯುವುದು. ತೊಳೆದ ಮೇಲೆ ಉದ್ದಕ್ಕೆ ಸೀಳಿ ಜೋಡಿಸಿದರೆ 50 ಅಡಿ. ನಡು ಸವೆದ ಸೀರೆಯನ್ನು ಸೀಳಿ ಅಂಚು ಕೂಡಿಸುವ ನಮಗೆ ಈ ಜಾಣತನ ಹೊಸತಲ್ಲ!

ಇಷ್ಟೆಲ್ಲ ಮಾಡಿದರೂ ಸಿಗುವುದು ನಾಲ್ಕು ನಿಮಿಷ. ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಯೋಚಿಸಿಯೇ ಗುಂಡಿ ಒತ್ತಬೇಕಿತ್ತು. ಆ ಕ್ಯಾಮೆರಾದ ಸೊಗಸು ಇರುವುದು ಇಲ್ಲಿ.

ಜಾಲ್ಸೂರಿನ ನಮ್ಮ ಮನೆಗೆ ಅಂಥದ್ದೊಂದನ್ನು ತಂದವರು ಬೊಂಬಾಯಿಯಲ್ಲಿದ್ದ ದೊಡ್ಡಮಾವ. 1968ರ ಮದುವೆಯೊಂದರ ಸುರುಳಿ ಉಳಿದಿದೆ. ಗಂಡಸರೆಲ್ಲ ಫೋಟೋ ಎಂದುಕೊಂಡು ಅಂಗಳದಲ್ಲಿ ಕಂಬದಂತೆ ನಿಂತಿದ್ದಾರೆ. ಹೆಂಗಸರು ಮಾತ್ರ ಇಲ್ಲವೇ ಇಲ್ಲ ಎನ್ನಬೇಕು. ಆ ಫಿಲ್ಮಿಗೆ ಬಿಸಿಲು ಬೇಕು. ಅವರಿದ್ದದ್ದು ಅಡುಗೆಮನೆಯ ಕತ್ತಲಲ್ಲಿ.

ಅಷ್ಟರಲ್ಲಿ ನನ್ನ ಅತ್ತೆ ಬೆಲ್ಲ-ನೀರಿನ ಹರಿವಾಣ ಹಿಡಿದು ಹೊರಗೆ ಬರುತ್ತಾರೆ. ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡು ತಿರುಗಿಬಿಡುತ್ತಾರೆ. ಐದಾರು ಸೆಕೆಂಡು, ಅಷ್ಟೆ. ನಾನು ಸೊಸೆಯಾಗಿ ಬರುವಾಗ ಅವರು ಇರಲಿಲ್ಲ. ಅವರ ಹೆಸರು ಕೇಳಿ ಗೊತ್ತು, ನಡಿಗೆ ನೋಡಿ ಗೊತ್ತು. ನನ್ನ ಮಗಳೂ ಹಾಗೆಯೇ ಎಡಕ್ಕೆ ಸ್ವಲ್ಪ ವಾಲಿ ನಡೆಯುತ್ತಾಳೆ.

ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮು ಬೂಷ್ಟು ಹಿಡಿಯುತ್ತದೆ. ಒಳಗೊಳಗೇ ಕೆಟ್ಟು ವಿನೆಗರಿನಂತೆ ಹುಳಿ ವಾಸನೆ ಬರುತ್ತದೆ. ವಾಸನೆ ಬಂದಿತೆಂದರೆ ಅದರ ಆಯುಸ್ಸು ಮುಗಿಯುತ್ತಿದೆ ಎಂದೇ ಲೆಕ್ಕ. ನಮ್ಮ ಸುರುಳಿಗೆ ಆ ವಾಸನೆ ಹತ್ತಿದಾಗ ಬೆಂಗಳೂರಿಗೆ ಕಳುಹಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆವು. ನಿಮ್ಮ ಅಟ್ಟದ ಮೇಲೂ ಅಂಥ ಡಬ್ಬಿಯೊಂದು ಇದ್ದೀತು. ಕ್ಯಾಮೆರಾ ಕಾಯಬಲ್ಲದು, ಕೀ ಕೊಟ್ಟರೆ ಇಂದಿಗೂ ಓಡೀತು. ಫಿಲ್ಮು ಕಾಯುವುದಿಲ್ಲ.