ಆರದ ಹಳದಿ ದೀಪ

ಕಾರಿನ ಚಾವಿ ತಿರುಗಿಸಿದೊಡನೆ ಚಾಲಕನ ಮುಂದಿನ ಫಲಕದಲ್ಲಿ ಹಲವು ದೀಪಗಳು ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರುವುದನ್ನು ನೀವು ನೋಡಿದ್ದೀರಿ. ಅವುಗಳಲ್ಲೊಂದು ಪುಟ್ಟ ಕಾರಿನ ಕೆಳಗೆ ಎರಡು ಅಂಕುಡೊಂಕು ಗೆರೆಗಳಿರುವ ಹಳದಿ ಚಿತ್ರ. ಇದು ಟ್ರಾಕ್ಷನ್ ಕಂಟ್ರೋಲ್ ದೀಪ. ಓಡುವಾಗ ಅದು ಮಿನುಗಿದರೆ ಹೆದರಬೇಕಿಲ್ಲ. ಚಕ್ರ ಜಾರುತ್ತಿದೆ, ವ್ಯವಸ್ಥೆ ಅದನ್ನು ತಡೆಯುತ್ತಿದೆ ಎಂದರ್ಥ. ನೀವೇ ಗುಂಡಿ ಒತ್ತಿ ನಿಲ್ಲಿಸದಿದ್ದರೂ ಅದು ಆರದೆ ಉರಿಯುತ್ತಿದ್ದರೆ ಆಗ ಚಿಂತಿಸಬೇಕು. ಏಕೆಂದರೆ ವ್ಯವಸ್ಥೆಯೇ ಕೈಕಟ್ಟಿ ಕುಳಿತಿದೆ. ಹೀಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಕಾರು ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎಡ-ಬಲ ಚಕ್ರಗಳ ನಡುವೆ 1.5 ಮೀಟರ್ ಅಂತರವಿದ್ದರೆ, 90 ಡಿಗ್ರಿ ತಿರುವಿನಲ್ಲಿ ಈ ವ್ಯತ್ಯಾಸ ಸುಮಾರು 2.36 ಮೀಟರ್. ತಿರುವು ಅಗಲವಾಗಿರಲಿ ಕಿರಿದಾಗಿರಲಿ, ಉತ್ತರ ಇಷ್ಟೇ. (ಏಕೆಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ.) ಈ ತೊಡಕನ್ನು ಬಿಡಿಸಲು ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿ ಉಗಿ ಬಂಡಿಗೆಂದು ಡಿಫರೆನ್ಷಿಯಲ್ ಗಿಯರನ್ನು ರೂಪಿಸಿದ. ಅದು ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಆದರೆ ಟಾರ್ಕನ್ನು ಎರಡಕ್ಕೂ ಸಮನಾಗಿ ಹಂಚುತ್ತದೆ. ಈ ಸಮಾನತೆಯೇ ಮುಂದೆ ತೊಂದರೆಯಾಯಿತು. ಒಂದು ಚಕ್ರ ಕೆಸರಿನಲ್ಲಿದ್ದರೆ ಅದು ಪಡೆಯಬಲ್ಲ ಟಾರ್ಕ್ ಅತ್ಯಲ್ಪ. ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಕೆಸರಿನ ಚಕ್ರ ಗಿರ್ರನೆ ತಿರುಗುತ್ತದೆ, ಕಾರು ಕದಲುವುದಿಲ್ಲ.

ಪರಿಹಾರ ಬಂದದ್ದು ಬ್ರೇಕಿನ ಕಡೆಯಿಂದ, ಅದೂ ವಿಮಾನದ ಮೂಲಕ. ಬ್ರೇಕು ಹಾಕಿದಾಗ ಚಕ್ರ ಪೂರ್ತಿ ನಿಂತುಬಿಟ್ಟರೆ ಟೈರು ಜಾರುತ್ತದೆ, ಜಾರುವಾಗಿನ ಘರ್ಷಣೆ ಹಿಡಿತದ ಗರಿಷ್ಠ ಮಟ್ಟಕ್ಕಿಂತ ಕಡಿಮೆ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ ವಿಮಾನಗಳಿಗಾಗಿ ‘ಮ್ಯಾಕ್ಸರೆಟ್’ ಎಂಬ ಯಾಂತ್ರಿಕ ಸಾಧನವನ್ನು ತಂದಿತು. 1966ರಲ್ಲಿ ಅದು ಜೆನ್ಸನ್ ಎಫ್ಎಫ್ ಕಾರಿಗೂ ಬಂತು. ಇಲೆಕ್ಟ್ರಾನಿಕ್ ಯುಗದ ಎಬಿಎಸ್ಸನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಅಳವಡಿಸಿತು.

ಇದರ ಕಣ್ಣು ಯಾವುದು? ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರ, ಅದರ ಮುಂದೆ ಸುರುಳಿ ಸುತ್ತಿದ ಪುಟ್ಟ ಕಾಯಂ ಕಾಂತ. ಪ್ರತಿ ಹಲ್ಲು ಹಾದುಹೋದಾಗಲೂ ಸುರುಳಿಯ ಮೂಲಕ ಸಾಗುವ ಕಾಂತಪ್ರವಾಹ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡದ್ದೇ ಇದು, ಹೆಚ್ಚೇನಿಲ್ಲ! ಟೈರಿನ ಸುತ್ತಳತೆ 1.9 ಮೀಟರ್, ಉಂಗುರದಲ್ಲಿ 48 ಹಲ್ಲು ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 420 ಸ್ಪಂದಗಳು ಬರುತ್ತವೆ. ಕಾರು ತೆವಳುವಾಗ ವೋಲ್ಟೇಜ್ ತೀರಾ ಕ್ಷೀಣ. ಆದ್ದರಿಂದ ಮುಂದೆ ಹಾಲ್ ಪರಿಣಾಮ, ಕಾಂತರೋಧ ಇವುಗಳನ್ನು ಬಳಸುವ ಸಂವೇದಕಗಳು ಬಂದವು.

ನಾಲ್ಕೂ ಚಕ್ರಗಳ ಎಣಿಕೆ ಕೈಯಲ್ಲಿರುವಾಗ ಉಳಿದದ್ದು ಸುಲಭ. ಅಮೆರಿಕದ ಬ್ಯೂಕ್ 1971ರಲ್ಲೇ ‘ಮ್ಯಾಕ್ಸ್‌ಟ್ರ್ಯಾಕ್’ ಎಂಬ ವ್ಯವಸ್ಥೆಯನ್ನು ಕೊಟ್ಟಿತ್ತು. ಹಿಂದಿನ ಚಕ್ರಗಳು ಮಿತಿಮೀರಿ ತಿರುಗಿದರೆ ಅದು ಎಂಜಿನ್ನಿನ ಕಿಡಿಯನ್ನು ತಡೆಯುತ್ತಿತ್ತು. ಅದು ಬಹುಕಾಲ ಬಾಳಲಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಬಂದ ಟ್ರಾಕ್ಷನ್ ಕಂಟ್ರೋಲ್ ಎಬಿಎಸ್ಸಿನ ಭಾಗಗಳನ್ನೇ ಬಳಸಿಕೊಂಡಿತು. ಸುಮ್ಮನೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕು ಹಾಕುವುದು ಅದರ ಜಾಣತನ. ಆ ಚಕ್ರಕ್ಕೆ ಈಗ ಪ್ರತಿರೋಧವಿದೆ. ಪೆಕರನ ಗಿಯರು ಅಷ್ಟೇ ಟಾರ್ಕನ್ನು ಇನ್ನೊಂದು ಚಕ್ರಕ್ಕೂ ಕೊಡಲೇಬೇಕು! 1995ರಲ್ಲಿ ಬಂದ ಸ್ಥಿರತಾ ನಿಯಂತ್ರಣವೂ ಇದೇ ಸಂವೇದಕಗಳನ್ನು ನಂಬಿದೆ. ಆದ್ದರಿಂದಲೇ ಒಂದು ಸಂವೇದಕ ಕೈಕೊಟ್ಟರೆ ಹಲವು ಕಾರುಗಳಲ್ಲಿ ಎರಡು ಮೂರು ದೀಪಗಳು ಒಟ್ಟಿಗೇ ಉರಿಯುತ್ತವೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ.

ನನ್ನ ಸ್ನೇಹಿತರ ಹಳೆಯ ಕಾರಿನಲ್ಲಿ ಒಂದು ಮಳೆಗಾಲದಲ್ಲಿ ಈ ದೀಪ ಆರಲೇ ಇಲ್ಲ. ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿ ‘ಸಿ0035’ ಎಂಬ ಸಂಕೇತವನ್ನು ಓದಿದ. ಮುಂದಿನ ಎಡ ಚಕ್ರದ ಸಂವೇದಕದ ವಿದ್ಯುನ್ಮಂಡಲ ಎಂದು ಅದರ ಅರ್ಥ. ಹೊಸ ಸಂವೇದಕ ಹಾಕಿದರು. ಎರಡು ದಿನಕ್ಕೆ ದೀಪ ಮತ್ತೆ ಉರಿಯಿತು. ಮುಂದಿನ ಸಲಹೆ ಇಡೀ ನಿಯಂತ್ರಣ ಘಟಕವನ್ನೇ ಬದಲಿಸುವುದು. “ಖರ್ಚು ಬೇಡಾಂದ್ರೆ ಬಲ್ಬ್ ಕಿತ್ತುಬಿಡ್ತೀನಿ ಸಾರ್” ಎಂದೂ ಆತ ಹೇಳಿದನಂತೆ. ಬಲ್ಬ್ ಕಿತ್ತರೆ ಒದ್ದೆ ರಸ್ತೆಯಲ್ಲಿ ಎಬಿಎಸ್ ಇಲ್ಲ ಎಂಬ ಸುದ್ದಿಯೂ ಚಾಲಕನಿಗೆ ತಿಳಿಯುವುದಿಲ್ಲ.

ಎಲ್ಲರೂ ಓದದೆ ಬಿಟ್ಟ ಪದ ‘ವಿದ್ಯುನ್ಮಂಡಲ’. ಸಂವೇದಕ ಅದರ ಒಂದು ತುಂಡು ಮಾತ್ರ. ತಂತಿ, ಪ್ಲಗ್ಗು, ಘಟಕ ಎಲ್ಲವೂ ಅದರೊಳಗಿವೆ. ನಾನು ಮಲ್ಟಿಮೀಟರ್ ಹಿಡಿದು ಹೋದೆ. ಘಟಕದ ಕಡೆಯ ಪ್ಲಗ್ಗನ್ನು ಬಿಡಿಸಿ ಅಳೆದರೆ ನಾಲ್ಕೂ ಚಕ್ರಗಳದ್ದು ಹೆಚ್ಚುಕಡಿಮೆ ಒಂದೇ ರೋಧ. ‘ಘಟಕವೇ ಕೆಟ್ಟಿದೆ’ ಎಂದು ನಾನೂ ಒಪ್ಪಿಬಿಟ್ಟಿದ್ದೆ. ಆಗ ಸ್ನೇಹಿತರ ಮಗಳು, ಎರಡನೇ ಪಿಯುಸಿ ವಿದ್ಯಾರ್ಥಿನಿ, ದೀಪ ತಿರುವಿನಲ್ಲಿ ಹೊತ್ತಿಕೊಳ್ಳುವುದೇ ಹೆಚ್ಚು ಎಂದಳು. ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿ ಅಳೆದೆವು. ಮೀಟರ್ ಅನಂತಕ್ಕೆ ಹೋಯಿತು. ಚಕ್ರದ ಬಳಿ ಬಾಗುವ ಜಾಗದಲ್ಲಿ, ಹೊದಿಕೆ ನೆಟ್ಟಗಿದ್ದರೂ ಒಳಗಿನ ತಂತಿ ತುಂಡಾಗಿತ್ತು.

(ಒಂದು ಎಚ್ಚರಿಕೆ: ಹಾಲ್ ಬಗೆಯ ಹೊಸ ಸಂವೇದಕಗಳನ್ನು ಹೀಗೆ ರೋಧ ಅಳೆದು ಪರೀಕ್ಷಿಸಬಾರದು, ಕೆಡುವ ಸಾಧ್ಯತೆ ಉಂಟು.)

ತಂತಿಯ ಆ ತುಂಡನ್ನು ಬದಲಿಸಿದ ಮೇಲೆ ದೀಪ ಆರಿತು. ವೃಥಾ ಕಿತ್ತಿದ್ದ ಹಳೆಯ ಸಂವೇದಕವನ್ನು ನಾನು ಕಾಲೇಜಿನ ಪ್ರಯೋಗಾಲಯಕ್ಕೆ ತಂದೆ. ಸೈಕಲ್ಲಿನ ಹಲ್ಲುಚಕ್ರವೊಂದನ್ನು ಅದರ ಮುಂದೆ ತಿರುಗಿಸಿ, ಎರಡೂ ತುದಿಗಳನ್ನು ಆಸಿಲೋಸ್ಕೋಪಿಗೆ ಜೋಡಿಸಿದ್ದೇವೆ. ಚಕ್ರ ಜೋರಾದಂತೆ ಅಲೆಗಳು ಒತ್ತೊತ್ತಾಗುವುದಷ್ಟೇ ಅಲ್ಲ, ಎತ್ತರವೂ ಆಗುತ್ತವೆ. ಏಕೆ ಎರಡೂ ಒಟ್ಟಿಗೆ ಎಂಬುದು ಈಗ ನಮ್ಮ ಮೌಖಿಕ ಪರೀಕ್ಷೆಯ ಪ್ರಶ್ನೆ.