ಅಗ್ಗದ ಗಣಕಯಂತ್ರಕ್ಕೆ ಹೆಚ್ಚಿನ ವೇಗ: ಮದರ್‌ಬೋರ್ಡ್ ಆಯ್ಕೆ ಹೇಗೆ?

ಕೋಲಾರ: ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ 8ನೇ ಪೀಳಿಗೆಯ ಅಥವಾ ಎಎಂಡಿಯ ರೈಜನ್ 2000 ಸರಣಿಯ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್ ಬೇಕು. ಆದ್ದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ಪಟ್ಟಣಗಳಲ್ಲಿ ಹಳೆಯ ಯಂತ್ರವನ್ನು ನೆಚ್ಚಿಕೊಂಡಿರುವ ವಿದ್ಯಾರ್ಥಿ, ಫೋಟೊ ಸ್ಟುಡಿಯೊ ಹಾಗೂ ಡಿಟಿಪಿ ಕೇಂದ್ರಗಳಿಗೆ ಮೇಲ್ದರ್ಜೆಯ ಖರ್ಚು ಅನಿವಾರ್ಯವಾಗಿದೆ. ಅಗ್ಗದ ಪ್ರೊಸೆಸರ್ ಕೊಂಡು, ಓವರ್‌ಕ್ಲಾಕಿಂಗ್ ಮೂಲಕ ಅದರ ವೇಗ ಹೆಚ್ಚಿಸಿಕೊಳ್ಳುವುದು ಒಂದು ಮಾರ್ಗ. ಅದು ಫಲಿಸುವುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮದರ್‌ಬೋರ್ಡ್.

ಹಳೆಯ ತಂತ್ರ

ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಆವರ್ತನದಲ್ಲಿ ದುಡಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಇದಕ್ಕೆ ಹೆಸರಾಗಿತ್ತು. ಮದರ್‌ಬೋರ್ಡ್‌ನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ಕ್ಕೆ ಜಿಗಿಯುತ್ತಿತ್ತು. ಇಂದು ಅಷ್ಟು ದೊಡ್ಡ ಲಾಭ ನಿರೀಕ್ಷಿಸುವಂತಿಲ್ಲ. ಈಗಿನ ಪ್ರೊಸೆಸರ್‌ಗಳು ತಾವಾಗಿಯೇ ಗರಿಷ್ಠ ವೇಗದ ಸಮೀಪ ಓಡುತ್ತವೆ.

ಮೊದಲ ಪ್ರಶ್ನೆ: ಅನುಮತಿ ಇದೆಯೇ?

ಬೋರ್ಡ್‌ನ ಚಿಪ್‌ಸೆಟ್ ಅವಕಾಶ ನೀಡದಿದ್ದರೆ ಓವರ್‌ಕ್ಲಾಕಿಂಗ್ ಸಾಧ್ಯವಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 'ಕೆ' ಅಕ್ಷರವಿರುವ ಪ್ರೊಸೆಸರ್ ಹಾಗೂ 'ಝಡ್' ಸರಣಿಯ ಬೋರ್ಡ್ ಎರಡೂ ಬೇಕು; ಎರಡೂ ದುಬಾರಿ. ಬಿ660, ಬಿ760 ಬೋರ್ಡ್‌ಗಳು ಮೆಮೊರಿಯ ವೇಗವನ್ನಷ್ಟೇ ಹೆಚ್ಚಿಸಲು ಬಿಡುತ್ತವೆ.

ಕಡಿಮೆ ಬಜೆಟ್‌ಗೆ ಎಎಂಡಿ ದಾರಿ ಹೆಚ್ಚು ಸುಗಮ. ಎಎಂ4 ಸಾಕೆಟ್‌ನಲ್ಲಿ ಬಿ450, ಬಿ550 ಬೋರ್ಡ್‌ಗಳಿಗೆ ಅನುಮತಿ ಇದೆ. ಎ320, ಎ520ಕ್ಕೆ ಇಲ್ಲ. 2022ರಲ್ಲಿ ಬಂದ ಎಎಂ5 ಸಾಕೆಟ್‌ನಲ್ಲಿ ಬಿ650ಕ್ಕೆ ಇದೆ, ಎ620ಕ್ಕೆ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ. ಹಳೆಯ ಯಂತ್ರದಲ್ಲಿ ಡಿಡಿಆರ್4 ಮೆಮೊರಿ ಇದ್ದರೆ ಎಎಂ4ನಲ್ಲಿ ಅದನ್ನೇ ಮರಳಿ ಬಳಸಬಹುದು. ಎಎಂ5ಗೆ ಡಿಡಿಆರ್5 ಕೊಳ್ಳಲೇಬೇಕು. ಡಿಡಿಆರ್3 ಈ ಎರಡಕ್ಕೂ ಹೊಂದದು.

ಎರಡನೆಯ ಪ್ರಶ್ನೆ: ತಾಳಿಕೊಳ್ಳುವುದೇ?

ಪ್ರೊಸೆಸರ್ ಬಳಸುವ ವಿದ್ಯುತ್ತು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಈ ಹೊರೆಯನ್ನು ಹೊರುವುದು ಸಾಕೆಟ್ ಸುತ್ತಲಿನ ವೋಲ್ಟೇಜ್ ನಿಯಂತ್ರಣ ಘಟಕ, ಅಂದರೆ ವಿಆರ್‌ಎಂ. ಅದರ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡನ್ನು ಈ ಉದ್ದೇಶಕ್ಕೆ ಆರಿಸಬಾರದು. 8 ಪಿನ್‌ಗಳ ಪ್ರೊಸೆಸರ್ ವಿದ್ಯುತ್ ಕನೆಕ್ಟರ್ ಹಾಗೂ ಘನ ಪಾಲಿಮರ್ ಕೆಪಾಸಿಟರ್‌ಗಳಿರುವುದು ಒಳಿತು. 2000ರ ದಶಕದ ಆರಂಭದಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ, ಸೋರಿ ಅಸಂಖ್ಯ ಬೋರ್ಡ್‌ಗಳು ಕೆಟ್ಟಿದ್ದವು.

ಬಿಸಿಲು, ವಿದ್ಯುತ್ತು

ಗಾಳಿಯಿಂದ ತಂಪಾಗಿಸುವ ಫ್ಯಾನ್, ಚಿಪ್ಪನ್ನು ಕೊಠಡಿಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಹವಾನಿಯಂತ್ರಣವಿಲ್ಲದ ಕೊಠಡಿ ಏಪ್ರಿಲ್‌ನಲ್ಲಿ 36 ಡಿಗ್ರಿ ಇದ್ದರೆ, 26 ಡಿಗ್ರಿಯಲ್ಲಿ ಸ್ಥಿರವಾಗಿದ್ದ ವೇಗ ಕುಸಿಯಬಹುದು. ಆದ್ದರಿಂದ ಚಳಿಗಾಲದಲ್ಲಿ ಹೊಂದಿಸಿದ ಯಂತ್ರವನ್ನು ಬೇಸಿಗೆಯ ಮಧ್ಯಾಹ್ನ ಮತ್ತೆ ಪರೀಕ್ಷಿಸಬೇಕು. ವೋಲ್ಟೇಜ್ ಏರಿಳಿತ ಅಥವಾ ದಿಢೀರ್ ವಿದ್ಯುತ್ ಕಡಿತ ಇರುವೆಡೆ ಗುಣಮಟ್ಟದ ಎಸ್‌ಎಂಪಿಎಸ್, ಸರಿಯಾದ ಅರ್ಥಿಂಗ್, ಯುಪಿಎಸ್ ಇಲ್ಲದೆ ಈ ಸಾಹಸಕ್ಕೆ ಇಳಿಯುವುದು ಸಲ್ಲದು. ಬಯಾಸ್ ನವೀಕರಣದ ನಡುವೆ ವಿದ್ಯುತ್ ಹೋದರೆ ಬೋರ್ಡ್ ನಿಷ್ಕ್ರಿಯವಾಗಬಹುದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬೋರ್ಡ್ ಅಂತಹ ಸಂದರ್ಭದಲ್ಲಿ ನೆರವಿಗೆ ಬರುತ್ತದೆ.

ಕೊಳ್ಳುವ ಮುನ್ನ

* ಪ್ರೊಸೆಸರ್ ಹೆಸರು ಬೋರ್ಡ್ ತಯಾರಕರ ಬೆಂಬಲ ಪಟ್ಟಿಯಲ್ಲಿದೆಯೇ, ಅದಕ್ಕೆ ಯಾವ ಬಯಾಸ್ ಆವೃತ್ತಿ ಬೇಕು ಎಂಬುದನ್ನು ನೋಡಬೇಕು.
* ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಊರಿನಲ್ಲೇ ಕೊಂಡರೂ ಕ್ರಮಸಂಖ್ಯೆ ನಮೂದಿಸಿದ ಬಿಲ್ ಪಡೆಯಬೇಕು. ಬೋರ್ಡ್ ಕೆಟ್ಟರೆ ಸೇವಾ ಕೇಂದ್ರ ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು.
* ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಸಾಮಾನ್ಯ ಖಾತರಿ ಅನ್ವಯಿಸುವುದಿಲ್ಲ.

ಕೊನೆಯ ಲೆಕ್ಕ ಸರಳ. ಉತ್ತಮ ಬೋರ್ಡ್ ಹಾಗೂ ಕೂಲರ್‌ಗೆ ತಗಲುವ ಹೆಚ್ಚುವರಿ ಹಣ, ಒಂದು ದರ್ಜೆ ಮೇಲಿನ ಪ್ರೊಸೆಸರ್‌ಗೆ ಬೇಕಾದ ಹೆಚ್ಚುವರಿ ಹಣಕ್ಕಿಂತ ಕಡಿಮೆಯಿದ್ದರೆ ಮಾತ್ರ ಓವರ್‌ಕ್ಲಾಕಿಂಗ್ ಉಳಿತಾಯ. ಇಲ್ಲವಾದರೆ ಮೇಲಿನ ದರ್ಜೆಯ ಪ್ರೊಸೆಸರನ್ನೇ ಕೊಂಡು, ನಿಗದಿತ ವೇಗದಲ್ಲಿ ನೆಮ್ಮದಿಯಿಂದ ಬಳಸುವುದು ಲೇಸು. ನಿತ್ಯದ ದುಡಿಮೆ ಅದೊಂದೇ ಯಂತ್ರವನ್ನು ಅವಲಂಬಿಸಿದ್ದರಂತೂ ವೇಗಕ್ಕಿಂತ ಸ್ಥಿರತೆಯೇ ಮುಖ್ಯ.