ಊರಿಗೊಂದು ಎಲ್ಲೆ

ಊರು ಬೆಳೆಯುವುದು ತಪ್ಪಲ್ಲ. ಎತ್ತ ಬೆಳೆಯಬೇಕು, ಯಾರಿಗಾಗಿ ಬೆಳೆಯಬೇಕು ಎಂದು ಕೇಳದೆ ಬೆಳೆಯುವುದು ತಪ್ಪು. ಇವುಗಳಲ್ಲಿ ಮೊದಲನೆಯ ಪ್ರಶ್ನೆಗೆ ಬೇಗನೆ ಉತ್ತರ ಕಂಡುಕೊಂಡು, ಎರಡನೆಯದಕ್ಕೆ ಅರ್ಧ ಶತಮಾನ ತಡವರಿಸಿದ ಸಂಸ್ಥಾನವೊಂದರ ಕಥೆಯನ್ನು ಓದುಗರ ಮುಂದಿಡಬೇಕೆಂದು ನನ್ನ ಆಸೆ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್.

ಅಲ್ಲಿನ ವಿಲಾಮೆಟ್ ನದಿಯ ಕಣಿವೆ ಬಲು ಫಲವತ್ತಾದ ನೆಲ. ಜನವಸತಿ ಹೆಚ್ಚಾಗಿರುವುದೂ ಅಲ್ಲಿಯೇ. ಎರಡನೆಯ ಮಹಾಯುದ್ಧದ ತರುವಾಯ ಹೆದ್ದಾರಿಗಳು ಬಂದುವು. ಅವುಗಳ ಬೆನ್ನಿಗೆ ಬಡಾವಣೆಗಳು ಹೊಲಗಳನ್ನು ನುಂಗುತ್ತ ಹೊರಟುವು. ಇದನ್ನು ತಡೆಯಲು ಮುಂದಾದವರಲ್ಲಿ ಒಬ್ಬರು ಹಸು ಸಾಕಿ ಹಾಲು ಮಾರುವ ಕಸುಬಿನಿಂದ ಶಾಸನಸಭೆಗೆ ಬಂದಿದ್ದ ಹೆಕ್ಟರ್ ಮ್ಯಾಕ್‌ಫರ್ಸನ್. ಇನ್ನೊಬ್ಬರು ಪತ್ರಿಕಾವೃತ್ತಿಯಿಂದ ರಾಜಕೀಯಕ್ಕೆ ಬಂದ ಗವರ್ನರ್ ಟಾಮ್ ಮೆಕಾಲ್. 1973ರಲ್ಲಿ ಸೆನೆಟ್ಟಿನ 100ನೆಯ ಮಸೂದೆ ಶಾಸನವಾಯಿತು. ಅದರಂತೆ ನೇಮಕವಾದ ಆಯೋಗ ಮರುವರ್ಷ ಸೂತ್ರಗಳನ್ನು ವಿಧಿಸಿತು. ಪ್ರತಿಯೊಂದು ಊರೂ ತನ್ನ ಮುಂದಿನ ಬೆಳವಣಿಗೆಯನ್ನು ಅಂದಾಜು ಮಾಡಿ ಸುತ್ತ ಒಂದು ಎಲ್ಲೆ ಎಳೆದುಕೊಳ್ಳಬೇಕು. ಅದರಾಚೆ ಹೊಲ ಹೊಲವಾಗಿ, ಕಾಡು ಕಾಡಾಗಿ ಉಳಿಯಬೇಕು. ಇದನ್ನು ಕಿತ್ತೊಗೆಯಲು 1976, 1978, 1982ರಲ್ಲಿ ಜನಮತಕ್ಕೆ ಹಾಕಿದರು. ಮೂರು ಬಾರಿಯೂ ಜನರು ಒಪ್ಪಲಿಲ್ಲ.

ಎಲ್ಲೆಯ ಹೊರಗಿನ ಹೊಲ ಉಳಿಯಿತು, ಸರಿ. ಒಳಗಿನ ಮನುಷ್ಯನ ಗತಿಯೇನು? ಎಲ್ಲ ವರಮಾನದವರಿಗೂ ವಸತಿ ದೊರೆಯಬೇಕೆಂಬ ಸೂತ್ರವೂ ಆಗಲೇ ಇತ್ತು. ಆದರೆ ಅನೇಕ ಬಡಾವಣೆಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ಕಟ್ಟಳೆ ಹಾಗೆಯೇ ಉಳಿಯಿತು. ಮನೆಗೂ ಅಂಗಡಿಗೂ ಇಷ್ಟು ಮೋಟಾರು ನಿಲ್ಲಲು ಜಾಗ ಬಿಡಲೇಬೇಕೆಂಬ ಕಡ್ಡಾಯ ಬೇರೆ. ಆ ಜಾಗದ ಬೆಲೆ ಬಾಡಿಗೆಯಲ್ಲಿ ಸೇರುತ್ತದೆ. ಮೋಟಾರೇ ಇಲ್ಲದವನೂ ಅದನ್ನು ತೆರುತ್ತಾನೆ. ಅಂಗಡಿ ಬೀದಿಯಿಂದ ಹಿಂದೆ ಸರಿಯುತ್ತದೆ. ನಡೆದು ಬರುವವನು ಬಯಲು ದಾಟಬೇಕಾಗುತ್ತದೆ.

ಇದಕ್ಕಿಂತ ಹಳೆಯ ಅನ್ಯಾಯವೂ ಒಂದಿದೆ. ಕಪ್ಪು ಜನರು ಬಂದು ನೆಲೆಸಕೂಡದೆಂಬ ವಿಧಿಯನ್ನು ಒರೆಗಾನಿನ ಮತದಾರರು 1857ರಲ್ಲಿ ತಮ್ಮ ಸಂವಿಧಾನಕ್ಕೆ ಸೇರಿಸಿದ್ದರು. ಅದನ್ನು ತೆಗೆದುಹಾಕಿದ್ದು 1926ರಲ್ಲಿ. ಪೋರ್ಟ್‌ಲ್ಯಾಂಡ್ ನಗರದಲ್ಲಿ ಅವರು ಹೆಚ್ಚಾಗಿ ಆಲ್ಬೈನಾ ಎಂಬ ಒಂದೇ ಭಾಗದಲ್ಲಿ ಬದುಕಬೇಕಾಯಿತು. 1950ರ ದಶಕದಿಂದ 1970ರ ದಶಕದವರೆಗೆ ಕ್ರೀಡಾಂಗಣಕ್ಕೆಂದು, ಹೆದ್ದಾರಿಗೆಂದು, ಆಸ್ಪತ್ರೆಯ ವಿಸ್ತರಣೆಗೆಂದು ಅವರ ಮನೆಗಳು ನೆಲಸಮವಾದುವು. ಮನೆ, ಅಂಗಡಿ, ಇಗರ್ಜಿ ಎಲ್ಲವೂ ಕಾಲ್ನಡಿಗೆಗೆ ಎಟಕುತ್ತಿದ್ದ ಕೇರಿಯನ್ನು ಪ್ರಗತಿಯ ಹೆಸರಿನಲ್ಲಿ ಒಡೆದುದಾಯಿತು.

ತಿದ್ದುಪಡಿ ಬಂದದ್ದು ನಿಧಾನವಾಗಿ. 2019ರ ಶಾಸನದಂತೆ 10,000ಕ್ಕೆ ಮೀರಿದ ಜನಸಂಖ್ಯೆಯ ಪಟ್ಟಣಗಳಲ್ಲಿ, ಒಂದು ಮನೆ ಕಟ್ಟಬಹುದಾದ ನಿವೇಶನದಲ್ಲಿ ಎರಡಕ್ಕೆ ಅವಕಾಶವಾಯಿತು. ದೊಡ್ಡ ನಗರಗಳ ವಸತಿ ಭಾಗಗಳಲ್ಲಿ ನಾಲ್ಕರವರೆಗೂ ಅವಕಾಶವಾಯಿತು. 2022ರಲ್ಲಿ ಆಯೋಗ 8 ನಗರ ಪ್ರದೇಶಗಳಿಗೆ ಹೊಸ ನಿಯಮಗಳನ್ನು ಮಾಡಿತು: ವಾಸ, ವ್ಯಾಪಾರ, ಉದ್ಯೋಗಗಳು ನಡೆದು ಹೋಗುವ ದೂರದಲ್ಲಿ ಕೂಡಿಬರಬೇಕು, ಬಸ್ಸು ಪದೇ ಪದೇ ಬರುವ ಮಾರ್ಗಗಳ ಬಳಿ ಮೋಟಾರು ನಿಲ್ದಾಣದ ಕಡ್ಡಾಯ ಕೂಡದು, ಹಿಂದೆ ಅಲಕ್ಷ್ಯಕ್ಕೆ ಗುರಿಯಾದವರ ಮಾತನ್ನು ಯೋಜನೆಯಲ್ಲಿ ಕೇಳಬೇಕು.

ನಿಯಮದಿಂದ ಮನೆ ತಾನಾಗಿ ಏಳುವುದಿಲ್ಲ. ಒಡೆದ ಕೇರಿಯೂ ಕೂಡಿಕೊಳ್ಳುವುದಿಲ್ಲ. ಆದರೂ ಮೆಕಾಲರ ಕಾಲದವರು ಹೊಲವನ್ನು ಉಳಿಸಿ ದೊಡ್ಡ ಉಪಕಾರ ಮಾಡಿದರೆಂದೇ ನಾನು ಬಗೆಯುತ್ತೇನೆ. ಆ ಉಪಕಾರದ ಬೆಲೆಯನ್ನು ಬಾಡಿಗೆದಾರನೊಬ್ಬನೇ ತೆರಬಾರದು. ಹೊಲಕ್ಕೆ ಎಲ್ಲೆ ಕಟ್ಟುವ ಸರ್ಕಾರ, ಅದರೊಳಗೆ ಬಡವನ ಮನೆಗೂ ಅವನ ಕಾಲುದಾರಿಗೂ ಅಂದೇ ಜಾಗ ಗುರುತಿಸಬೇಕು.